ಮಾಲೀಕರು ಒಪ್ಪಿದ ಮ್ಯಾಲ

ಘಟಪ್ರಭಾ ಸ್ಟೇಶನ್ನಿನ ಹೊರಗೆ ಮೂಡಲಗಿ ಬಸ್ಸಿಗೆ ಕಾಯುತ್ತಿದ್ದ ಸುಮನಾಳ ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಬಂದು ಕುಳಿತರು. ತಂಗಿಯ ಕೈಯಲ್ಲಿ ಶೇಂಗಾ ಚಟ್ನಿಯ ಪಾಕೀಟು. ಅದರ ಮೇಲಿನ ಫೋಟೋದಲ್ಲಿ ಒರಳಿನ ಮುಂದೆ ಕುಳಿತು ನಗುತ್ತಿದ್ದವಳೂ ಅವಳೇ.

“ನಿನ್ನ ಚಟ್ನಿ ನೀನ ರೊಕ್ಕಾ ಕೊಟ್ಟು ತರಿಸೀಯಲ್ಲ ನೀಲಾ, ಮಂದಿ ಕೇಳಿದ್ರ ನಕ್ಕಾರು.”

“ಇದು ನಾ ಮಾಡಿದ್ದಲ್ಲಕ್ಕಾ. ಈಗ ನಮ್ಮತ್ತಿ ಕುಟ್ಟತಾಳ. ನಾ ಗಂಡನ ಮನಿ ಬಿಟ್ಟು ಬಂದೆ, ಅಂಗಡಿ ಅಲ್ಲೇ ಉಳೀತು.”

“ಮೊಬೈಲ್‌ನ್ಯಾಗಿನ ಅಂಗಡಿ ಅಲ್ಲೇನ? ನಿನ್ನ ಮೊಬೈಲ್‌ನ್ಯಾಗ ತಗದ್ರ ಆತು.”

“ತಗಿಯಾಕ ಹೋದ್ರ ಓಟಿಪಿ ಅವರ ನಂಬರಿಗೆ ಹೋಗತೈತಿ. ಅಂಗಡಿ ಚಾಲೂ ಮಾಡೂ ದಿನ ನಾನ ಹೇಳಿದ್ದೆ, ನಿಮ್ಮ ನಂಬರ ಹಾಕ್ರಿ, ಗಂಡಸರದು ಇದ್ರ ಚಲೋ ಅಂತ.”

“ಭಾಳ ಶಾಣ್ಯಾಕಿ.”

ಸುಮನಾಳಿಗೆ ತನ್ನ ಬ್ಯಾಂಕಿನ ಖಾತೆ ನೆನಪಾಯಿತು. ಅದಕ್ಕಿರುವುದೂ ಗಂಡನ ನಂಬರೇ.

“ಅದಕ್ಕ ಈ ಪಾಕೀಟ ತರಿಸಿದೆ. ಕೊಂಡವರಿಗಷ್ಟ ಕೆಳಗ ರಿವ್ಯೂ ಬರಿಯಾಕ ಬಿಡತಾರ.”

“ಏನಂತ ಬರದಿ?”

“ಫೋಟೋದಾಗಿನಾಕಿ ನಾನು, ಈ ಚಟ್ನಿ ನಾ ಮಾಡಿದ್ದಲ್ಲ, ಅಂತ.”

“ಮಂದಿಗೆ ಕಾಣಾಕತ್ತೇತೇನು?”

“ಅಂಗಡಿ ಮಾಲೀಕರು ಒಪ್ಪಿದ ಮ್ಯಾಲ ಕಾಣತೈತಿ ಅಂತ ಮೆಸೇಜ್ ಬಂತು.”

ಅಕ್ಕ ಪಾಕೀಟಿನತ್ತ ಬೆರಳು ಮಾಡಿದಳು.

“ಬಾಯಿಗೆ ಹೆಂಗೈತಿ?”

“ಚಲೋ ಐತಿ. ನಮ್ಮತ್ತಿಗೆ ನಾನ ಕಲಿಸೇನಲ್ಲ.”

ಗೋಕಾಕದ ಬಸ್ಸು ಬಂತು. ನೀಲಾ ಪಾಕೀಟನ್ನು, ಫೋಟೋ ಒಳಗಾಗುವಂತೆ ತಿರುಗಿಸಿ, ಎದೆಗವಚಿಕೊಂಡು ಅಕ್ಕನ ಹಿಂದೆ ಹತ್ತಿದಳು.