ಕಾಸಾ ಅಂದರೆ ಮನೆ

ಮುಂಬಯಿ ಬಳಿಯ ಕೋಪರಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದ ಲೀಲಾಧರ ಶೆಟ್ಟರ ಕಿವಿಗೆ ಪಕ್ಕದ ಕುರ್ಚಿಯಿಂದ ಊರಿನ ಕನ್ನಡ ಬಿತ್ತು. ಅಲ್ಲಿದ್ದ ಹೆಂಗಸು ಸ್ಪೇನಿನಲ್ಲಿರುವ ಮಗಳೊಡನೆ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದರು. ಕೇಳಬಾರದೆಂದು ಎದ್ದುಹೋಗಲು ಶೆಟ್ಟರಿಗೆ ಬೇರೆ ಕುರ್ಚಿ ಖಾಲಿಯಿರಲಿಲ್ಲ.

"ಅಮ್ಮಾ, ಮುಝೆ ಘರ್ ಆನಾ ಹೈ."

"ಮನೆಗೆ ಬರುದಾ? ಮಕ್ಕಳ ಸಮ್ಮರ್ ಕ್ಯಾಂಪಲ್ಲಿ ವಾಲಂಟಿಯರ್ ಆದ್ರೆ ಸ್ಪ್ಯಾನಿಶ್ ತನ್ನಿಂದ ತಾನೇ ಬರ್ತದೆ ಅಂತ ಹಟ ಮಾಡಿದ್ದು ನೀನೇ ಅಲ್ವಾ ಶ್ರೀಪ್ರಿಯಾ?"

"ಇಲ್ಲಿ ಯಾರೂ ಇಂಗ್ಲಿಷ್ ಮಾತಾಡುದಿಲ್ಲ. ಸುತ್ತ ಗುಡ್ಡ, ವಾರಕ್ಕೆ ಒಂದೇ ಬಸ್. ಹತ್ತು ದಿನದಿಂದ ಮೂಕಿಯ ಹಾಗೆ ಇದ್ದೇನೆ. ಫಸ್ ಗಯೀ ಹೂಂ ಮೈಂ, ಸಿಕ್ಕಿಬಿದ್ದಿದ್ದೇನೆ."

"ಒಂದು ಶಬ್ದವೂ ಬರ್ಲಿಲ್ವಾ?"

"ಒಂದು ಬಂತು. ಕಾಸಾ. ಮನೆ ಅಂತ. ಆರು ವರ್ಷದ ಹುಡುಗಿ ಒಬ್ಬಳು ದಿನಾ ಅದನ್ನೇ ಹೇಳಿ ಅಳ್ತಾಳೆ. ನಿನ್ನೆ ನಾನೂ ಕಾಸಾ ಅಂದೆ. ಇಬ್ಬರೂ ಕೂತು ಅತ್ತೆವು."

ಹೆಂಗಸು ಫೋನನ್ನು ಬಾಯಿಯ ಹತ್ತಿರಕ್ಕೆ ತಂದರು.

"ಬಂದುಬಿಡು ಮಗಾ. ಈ ಶನಿವಾರದ ಬಸ್ಸಿಗೇ ಹೊರಡು. ಅಪ್ಪನಿಗೆ ನಾನು ಹೇಳ್ತೇನೆ."

"ಈಗ ಹೇಗೆ ಬರುದಮ್ಮಾ? ನಾನು ಪಕ್ಕದಲ್ಲಿಲ್ಲದಿದ್ರೆ ಅವಳು ಊಟಕ್ಕೇ ಕೂರುದಿಲ್ಲ. ಅವಳಿಗೆ ಇನ್ನೂ ಮೂರು ವಾರ ಉಂಟು."

"ನಿನಗೆ?"

"ನನಗೂ ಅಷ್ಟೇ."

ಒಳಗಿನಿಂದ ನರ್ಸ್ "ವನಮಾಲಾ ರಾವ್" ಎಂದು ಕೂಗಿದಳು. ಹೆಂಗಸು ಸ್ಪೀಕರ್ ಆರಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಎದ್ದರು. ಬಾಗಿಲ ಬಳಿ ಅವರು ಕೇಳಿದ್ದು ಶೆಟ್ಟರಿಗೆ ಸ್ಪಷ್ಟವಾಗಿ ಕೇಳಿಸಿತು.

"ಆ ಮಗುವಿನ ಹೆಸರೆಂತ ಮಗಾ?"

ಉತ್ತರ ಕೇಳಿಸಲಿಲ್ಲ. ಬಾಗಿಲು ಮುಚ್ಚಿಕೊಂಡಿತು.