ಸಣ್ಣ ಅಕ್ಷರದ ಸುದ್ದಿ

ಅಧ್ಯಕ್ಷತೆ ವಹಿಸಿರುವ, ನಮ್ಮ ಬೀಡಿ ಊರಿನ ಮೂರು ತಲೆಮಾರಿಗೆ ಅಕ್ಷರ ಕಲಿಸಿದ ತ್ರಿವೇಣಿ ಅಕ್ಕೋರೇ, ವಾಚನಾಲಯದ ಕಾರ್ಯದರ್ಶಿ ನಮ್ಮ ನಿಖಿತಾ ಅವರೇ, ಖಾನಾಪುರದಿಂದ ದಯಮಾಡಿಸಿದ ಗಣ್ಯರೇ, ಮೊದಲ ಸಾಲಿನಲ್ಲಿ ಕೋಲು ಹಿಡಿದು ಕುಳಿತಿರುವ ನನ್ನ ಗೆಳೆಯ ಬಸಯ್ಯನೇ, ಮತ್ತು ಚಹಾ ಮುಗಿದ ಮೇಲೂ ಎದ್ದು ಹೋಗದೆ ಕುಳಿತ ದೊಡ್ಡ ಮನಸ್ಸಿನ ಸಭಿಕರೇ,

ಈಗಷ್ಟೇ ಈ ಅಲ್ಲಾಭಕ್ಷ ಟೇಲರನಿಗೆ ಶಾಲು ಹೊದಿಸಿದಿರಿ. ಬಹಳ ಸಂತೋಷ. ಶಾಲಿನ ಒಂದು ಅಂಚು ವಾರೆ ಹೊಲಿದಾರೆ, ಇರಲಿ. ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಬೇಡದ್ದೆಲ್ಲ ಕಾಣತೊಡಗಿದೆ. ಬೆಳಗಾವಿಯ ಅನಗೋಳದ ಮನೆಯಿಂದ ಹೊರಡುವಾಗ ನಮ್ಮ ಮನೆಯಾಕೆ ಮಮ್ತಾಜ ಬಾಗಿಲಿಗೆ ಬಂದು, "ಹತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ" ಎಂದು ತಾಕೀತು ಮಾಡಿದ್ದಾಳೆ. ಐವತ್ತು ವರ್ಷದಲ್ಲಿ ಆಕೆಯ ಮಾತು ನಾನು ಯಾವಾಗ ಮೀರಿದ್ದೇನೆ? ಇವತ್ತು ಮೀರುತ್ತೇನೆ.

ನನ್ನ ಬಾಜು ಗಾಜಿನ ಚೌಕಟ್ಟಿನಲ್ಲಿ ಒಂದು ಹಳೆಯ ಪತ್ರಿಕೆ ಇದೆ, ನೋಡ್ರಿ. ಸಾವಿರದ ಒಂಬೈನೂರ ಎಪ್ಪತ್ತೊಂದು, ಡಿಸೆಂಬರ್ ಇಪ್ಪತ್ತೇಳು, ಸೋಮವಾರ. ಯುದ್ಧ ನಿಂತು ಹತ್ತು ದಿನವಾಗಿತ್ತು. ಬಸಯ್ಯನ ತಾಯಿ ಕಾಶವ್ವ ಇದನ್ನು ಸಾಯುವ ತನಕ ತನ್ನ ಟ್ರಂಕಿನಲ್ಲಿ ಇಳಕಲ್ ಸೀರೆಯ ಕೆಳಗೆ ಇಟ್ಟಿದ್ದಳು. ಬಸಯ್ಯನ ಮೊಮ್ಮಗಳು ನಿಖಿತಾ ಅದನ್ನು ತೆಗೆದು, ಚೌಕಟ್ಟು ಹಾಕಿಸಿ, "ಅಜ್ಜಾ, ಇದರ ಕಥಿ ನಿಮಗಷ್ಟ ಗೊತ್ತೈತಿ, ಹೇಳಾಕ ಬರ್ರಿ" ಎಂದಳು. ಬಂದಿದ್ದೇನೆ.

ಆಗ ಬೀಡಿಗೆ ಬರುತ್ತಿದ್ದದ್ದು ಒಂದೇ ಪತ್ರಿಕೆ. ಮುಂಜಾನೆ ಬೆಳಗಾವಿ ಬಿಟ್ಟ ಬಸ್ಸು ಖಾನಾಪುರದಲ್ಲಿ ಸಾವಕಾಶ ಚಹಾ ಕುಡಿದು ಮಧ್ಯಾಹ್ನ ನಮ್ಮೂರು ಮುಟ್ಟುತ್ತಿತ್ತು. ಪತ್ರಿಕೆ ನನ್ನ ಹೊಲಿಗೆ ಅಂಗಡಿಗೆ ಬರುತ್ತಿತ್ತು. ಸಂಜೆ ಹೊಲದಿಂದ ಬಂದವರಿಗೆ ನಾನು ಗಟ್ಟಿಯಾಗಿ ಓದಿ ಹೇಳುವುದು ರೂಢಿ. ಆದರೆ ನಾನು ಸಾಲಿ ಕಟ್ಟೆ ಹತ್ತಿದವನಲ್ಲ! ಬಟ್ಟೆ ಸುತ್ತಿ ಬಂದ ಕಾಗದದ ಮೇಲಿನ ದೊಡ್ಡ ಅಕ್ಷರ ನೋಡಿ ನೋಡಿ ಕಲಿತವನು. ತಲೆಬರಹ ಓದುತ್ತಿದ್ದೆ. ಅದರ ಕೆಳಗಿನ ಸಣ್ಣ ಅಕ್ಷರ ಒಂದೊಂದಾಗಿ ಕೂಡಿಸಿ ಓದಲು ಕುಳಿತರೆ ಒಂದು ಸುದ್ದಿಗೆ ಒಂದು ಸಂಜೆ ಬೇಕು. ದಣಿದು ಬಂದ ಜನ ಅಷ್ಟು ಹೊತ್ತು ಕೂಡುತ್ತಾರೆಯೇ? ಹಾಗಾದರೆ ನಾನೇನು ಓದುತ್ತಿದ್ದೆ? ಸಭಿಕರೇ, ನಾನು ಹೊಲಿಯುತ್ತಿದ್ದೆ. ತಲೆಬರಹ ಪತ್ರಿಕೆಯದು, ಕೆಳಗಿನ ಸುದ್ದಿ ನನ್ನದು.

ಆ ದಿನದ್ದನ್ನೇ ಕೇಳ್ರಿ. ಮೊದಲನೆಯದು, "ಗಡಿಯಲ್ಲಿ ಶಾಂತಿ, ದೇಶದಲ್ಲಿ ಹರ್ಷ." ಇದಕ್ಕೆ ನಾನು ಹೊಲಿದದ್ದು: ದಿಲ್ಲಿಯಲ್ಲಿ ಮನೆಮನೆಗೆ ಸಿಹಿ ಹಂಚಿದರು, ಸಿಹಿ ಸಾಲದೆ ಬೆಳಗಾವಿಯಿಂದ ಒಂದು ಲಾರಿ ಕುಂದಾ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಮುಂದೆ ಎಂಟು ದಿನ, "ನಮ್ಮ ಪಾಲಿನ ಕುಂದಾ ಯಾವಾಗ ಬರತೈತಿ?" ಎಂದು ನನ್ನ ಜೀವ ತಿಂದರು.

ಎರಡನೆಯದು, "ದೀಪ ಮರೆಮಾಡುವ ಆಜ್ಞೆ ರದ್ದು." ಬೀಡಿಯ ನಮ್ಮ ಓಣಿಯಲ್ಲಿ ಆಗ ಕರೆಂಟೇ ಇರಲಿಲ್ಲ. ಆದರೂ ಪಟ್ಟಣದವರಿಗಿಂತ ನಾವೇನು ಕಡಿಮೆ ಎಂದು ಮನೆಮನೆಯವರೂ ನನ್ನಿಂದ ಕರೇ ಪರದೆ ಹೊಲಿಸಿದ್ದರು. ಚಿಮಣಿ ದೀಪ ಮುಚ್ಚಲು! ಆಜ್ಞೆ ರದ್ದಾದದ್ದೇ ತಡ, ಪರದೆಗಳೆಲ್ಲ ನನ್ನ ಅಂಗಡಿಗೆ ವಾಪಸ್ ಬಂದವು. ಸಂಕ್ರಾಂತಿಗೆ ಊರ ಹೆಣ್ಣುಮಕ್ಕಳೆಲ್ಲ ಆ ಪರದೆಯಿಂದ ಹೊಲಿದ ಒಂದೇ ಬಣ್ಣದ ಪರಕಾರ-ಲಂಗದಲ್ಲಿ ಓಡಾಡಿದರು.

ಮೂರನೆಯದು, "ಸೀಮೆಎಣ್ಣೆ ಕೊರತೆ ಶೀಘ್ರ ನಿವಾರಣೆ." ಇದಕ್ಕೆ ಏನೂ ಹೊಲಿಯಲಿಲ್ಲ. ಜನ ತಾವೇ ನಕ್ಕರು.

ನಾಲ್ಕನೆಯದು, "ಕ್ಯಾಂಪಿನಲ್ಲಿ ತಪ್ಪಿಸಿಕೊಂಡ ಕುದುರೆ ಪತ್ತೆ." ಶಾಂತಿಗೆ ಎಷ್ಟು ಜಾಗವೋ ಕುದುರೆಗೂ ಅಷ್ಟೇ ಜಾಗ ಕೊಟ್ಟಿದ್ದರು. ಆ ಕುದುರೆ ಗಡಿಗೆ ಹೋಗಿ ಯುದ್ಧ ಮುಗಿಸಿ ಬಂತು ಎಂದು ನಾನು ಓದಿದೆ. ಒಬ್ಬರೂ ಸಂಶಯ ಪಡಲಿಲ್ಲ.

ಬೆಳಗಾವಿಯ ಮಿಲಿಟರಿ ಕ್ಯಾಂಪ್ ಅಂದಕೂಡಲೇ ಒಂದು ಮಾತು. ಹೇಳಬಾರದು ಅಂದುಕೊಂಡಿದ್ದೆ. ಅದಕ್ಕೂ ಎರಡು ವರ್ಷ ಮೊದಲು ನಾನು ಬಸಯ್ಯನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಕ್ಯಾಂಪಿಗೆ ಹೋಗಿದ್ದೆ. ಮಿಲಿಟರಿ ಭರ್ತಿ ಇತ್ತು. "ಹೊಲಿಯಾಕ ಅರಬಿ ತರಾಕ ಹೊಂಟೇವಿ" ಎಂದು ಕಾಶವ್ವನಿಗೆ ಸುಳ್ಳು ಹೇಳಿದವನು ನಾನು. ಹೋಗಬೇಕೆಂಬ ಆಸೆಯೂ ನನ್ನದೇ. ಅವನು ಜೊತೆಗೆಂದು ಬಂದವನು. ಎತ್ತರದಲ್ಲಿ ನಾನು ಎರಡು ಬೆರಳು ಕಡಿಮೆ ಬಿದ್ದೆ. ಜೊತೆಗೆ ಬಂದವನು ಪಾಸಾದ. ಸೈಕಲ್ ಮೇಲೆ ಒಬ್ಬನೇ ವಾಪಸ್ ಬಂದೆ.

ಕಾಶವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಿನಾ ಸಂಜೆ ಸುದ್ದಿ ಕೇಳಲು ಬರುತ್ತಿದ್ದಳು. "ಕುಂದರ್ರಿ ಅತ್ತಿ" ಎಂದರೆ ಕೂಡುತ್ತಿರಲಿಲ್ಲ. ಎರಡು ವರ್ಷ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಕೇಳಿದಳು. ಯುದ್ಧ ಶುರುವಾದ ಮೇಲೆ ಬಸಯ್ಯನ ಕಾಗದ ನಿಂತವು. ನಾನು ದಿನಾ ನಮ್ಮವರನ್ನು ಗೆಲ್ಲಿಸುತ್ತಿದ್ದೆ. ಇನ್ನೇನು ಮಾಡಲಿ?

ಆ ಸೋಮವಾರ ಕುದುರೆಯ ಸುದ್ದಿ ಮುಗಿದ ಮೇಲೆ ಪುಟ ತಿರುಗಿಸಿದೆ. ಐದನೆಯ ತಲೆಬರಹ: "ಗಾಯಾಳು ಯೋಧರು: ನಮ್ಮ ಜಿಲ್ಲೆಯವರು." ಓದಿಬಿಟ್ಟೆ. ಕೆಳಗೆ ಇರುವೆ ಸಾಲಿನ ಹಾಗೆ ಹೆಸರುಗಳು. ಅದಕ್ಕೆ ಏನೆಂದು ಹೊಲಿಯಲಿ?

ಕಾಶವ್ವ ಒಳಗೆ ಬಂದಳು. ನನ್ನ ಮಷಿನ್ನಿನ ಎದುರು ನೆಲದ ಮೇಲೆ ಕುಳಿತಳು. ಮೆಲ್ಲಗೆ ಅಂದಳು, "ಅಲ್ಲಾಭಕ್ಷ, ದಿನಾ ನೀ ಹೊಲಿದು ಹೇಳತಿ ಅಂತ ನನಗ ಗೊತ್ತೈತಿ. ಇವತ್ತ ಹೊಲೀಬ್ಯಾಡಪಾ. ಏನ ಬರದಾರೋ ಅಷ್ಟ ಓದು."

"ಅತ್ತಿ, ನನಗ ಸಣ್ಣ ಅಕ್ಷರ ಲಗೂನ ಬರೂದಿಲ್ಲ" ಎಂದೆ. ಎಲ್ಲರ ಎದುರಿಗೆ.

"ತಡ ಆಗಲಿ. ನನಗೇನ ಅವಸರ ಐತಿ?"

ಸೂಜಿಯ ತುದಿ ಒಂದೊಂದೇ ಅಕ್ಷರದ ಕೆಳಗೆ ಇಟ್ಟು ಓದಿದೆ. ಎಂಟು ಹೆಸರು ದಾಟಿದವು. ಬೆಳಕು ಸಾಲದಾಯಿತು, ಎಲ್ಲರೂ ಎದ್ದು ಹೊರಗಿನ ಕಟ್ಟೆಗೆ ಬಂದೆವು. ಒಂಬತ್ತನೆಯದು: ಬ... ಸ... ಯ್ಯ. ಬೀ... ಡಿ. ಕಾಶವ್ವನ ಕೈ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು. "ಎಡಗಾಲಿಗೆ ಗುಂಡೇಟು" ಓದುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು. ಮುಂದೆ ಒಂದು ಪದ ಬಂತು, ಗೂಡ್ಸ್ ಗಾಡಿಯಷ್ಟು ಉದ್ದ. ಚೇ... ತ... ರಿ... ಸಿ...

"ಸಿ? ಮುಂದ ಏನೋ ಮಾರಾಯಾ?" ಎಂದು ಯಾರೋ ಕೂಗಿದರು.

"ಯಾರೂ ಬಾಯಿ ಹಾಕಬ್ಯಾಡ್ರಿ! ಅಂವ ಓದಾಕತ್ತಾನ" ಎಂದಳು ಕಾಶವ್ವ.

ಅಂವ ಓದಾಕತ್ತಾನ! ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಪ್ರಶಸ್ತಿ ಯಾರೂ ಕೊಟ್ಟಿಲ್ಲ. ಅಕ್ಕೋರೇ, ಈ ಶಾಲು ಕೂಡ ಅದರ ಮುಂದೆ ಸಣ್ಣದು. ಪದ ಮುಗಿಸಿದೆ. ಮುಗಿದದ್ದೇ ಊರು ಕೂಗಿದ ಕೂಗು ಖಾನಾಪುರಕ್ಕೆ ಕೇಳಿಸಿರಬೇಕು. ಕಾಶವ್ವ ಮಾತ್ರ ಕೂಗಲಿಲ್ಲ. ಪತ್ರಿಕೆ ಇಸಿದುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳಿಂದ ಸಣ್ಣ ಅಕ್ಷರಾನೂ ಓದು. ನಾ ಕುಂತ ಕೇಳತೀನಿ" ಎಂದಳು. ಮರುದಿನ ತನ್ನ ಮನೆಯಿಂದ ಮಣೆ ತಂದು ನನ್ನ ಅಂಗಡಿಯಲ್ಲೇ ಇಟ್ಟಳು. ಆಕೆ ಆ ಮಣೆಯ ಮೇಲೆ ಇಪ್ಪತ್ತಾರು ವರ್ಷ ಕುಳಿತಳು. ನಾನು ಇಪ್ಪತ್ತಾರು ವರ್ಷ ಓದಿದೆ. ನೀವು ಇವತ್ತು ಸನ್ಮಾನಿಸಿದ ಓದುಗನನ್ನು ತಯಾರು ಮಾಡಿದ ಸಾಲಿ ಅದೇ.

ಒಂದು ಗಂಟೆ ಹಿಡಿದ ಆ ಸಾಲನ್ನು ಈಗ ಕನ್ನಡಕವಿಲ್ಲದೆ, ಒಂದೇ ಉಸಿರಿನಲ್ಲಿ ಓದುತ್ತೇನೆ. ಬಸ್ಯಾ, ಕಿವಿ ಮಷಿನ್ ಹಾಕ್ಕೊಂಡಿ ಏನ? ಕೇಳು. "ಬಸಯ್ಯ, ಬೀಡಿ, ಖಾನಾಪುರ ತಾಲೂಕು. ಎಡಗಾಲಿಗೆ ಗುಂಡೇಟು. ಚೇತರಿಸಿಕೊಳ್ಳುತ್ತಿದ್ದಾರೆ. ಶೀಘ್ರದಲ್ಲೇ ಊರಿಗೆ ಮರಳುವರು."

ಎದ್ದ ನಿಂದರೋ ಬಸ್ಯಾ, ಜನ ನೋಡಲಿ. ಹಾಂ... ಕೋಲು ಬ್ಯಾಡ, ನಿನ್ನ ಮೊಮ್ಮಗಳು ಹಿಡಕೋತಾಳ. ನೋಡ್ರಿ ಸಭಿಕರೇ, ಈ ಸುದ್ದಿಯಲ್ಲಿ ನನ್ನ ಹೊಲಿಗೆ ಒಂದೂ ಇಲ್ಲ.

ಮಮ್ತಾಜಳ ಹತ್ತು ನಿಮಿಷ ಎಂದೋ ಮುಗಿದವು. ಕೂರಿಸಿದವರಿಗೆ, ಕುಳಿತು ಕೇಳಿದವರಿಗೆ, ಈಗ ಎದ್ದು ನಿಂತವನಿಗೆ, ಎಲ್ಲರಿಗೂ ನನ್ನ ವಂದನೆ. ಮಾತಿನ ದಾರ ಇಲ್ಲಿಗೆ ಕತ್ತರಿಸುತ್ತೇನೆ. ನಮಸ್ಕಾರ.