ಹುರಿದ ದಿನವೇ ಕುಡಿದ ಕಾಫಿ

ಒಂದೂರಲ್ಲಿ ಅಕ್ಕಿ ಗಿರಣಿಯ ಸಾಹುಕಾರನೊಬ್ಬ ಇದ್ದ ಅಂತ ಇಟ್ಟುಕೊಳ್ಳಿ. ಅವನ ಹಳೆ ಅಕ್ಕಿಗೆ ಸುತ್ತಲ ಊರುಗಳಲ್ಲೆಲ್ಲ ಹೆಸರು. ಹೊಸ ಅಕ್ಕಿ ಕೇಳಿಕೊಂಡು ಬಂದವರಿಗೆ, "ಇದನ್ನ ಈಗ ಬೇಯಿಸಿದ್ರೆ ಅನ್ನ ಮುದ್ದೆಯಾಗುತ್ತೆ. ವರ್ಷ ಕಳೀಲಿ, ಆಮೇಲೆ ಬನ್ನಿ" ಎಂದು ತಾನೇ ವಾಪಸು ಕಳಿಸುತ್ತಿದ್ದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವನಿಗೊಬ್ಬಳು ಅಕ್ಕ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಆಕೆಗೆ ಜ್ವರ ಬಂತು, ಜ್ವರ ಹೋಯಿತು, ಆದರೆ ಬಾಯಿರುಚಿ ತಿರುಗಿ ಬರಲಿಲ್ಲ. ತಮ್ಮ ತನ್ನ ಮನೆಗೇ ಕರೆತಂದು ಇಟ್ಟುಕೊಂಡ. ಗಂಜಿ ಕೊಟ್ಟರೆ ಬೇಡ, ಸಾರು ಕೊಟ್ಟರೆ ಬೇಡ. ಕಣ್ಣೆದುರೇ ಸೊರಗುತ್ತಿದ್ದಳು. ಒಂದು ಸಂಜೆ ತಾನಾಗಿಯೇ ಅಂದಳು: "ಮನೇಲೇ ಹುರಿದು ಮಾಡಿದ ಕಾಫಿ ಒಂದು ಲೋಟ ಸಿಕ್ಕಿದ್ರೆ ಕುಡಿದೇನು ಕಣೋ. ಅಮ್ಮ ಮಾಡ್ತಿದ್ಲು, ನಿಂಗೆ ನೆನಪಿರಲಿಕ್ಕಿಲ್ಲ, ಹಂಗೆ."

ಅಕ್ಕ ಬಾಯಿಬಿಟ್ಟು ಕೇಳಿದ್ದಾಳೆ. ಸುಮ್ಮನಿರುತ್ತಾನೆಯೇ? ಪೇಟೆಗೆ ಹೋದ. ಬೀಜ ಹುರಿಯುವ ಸಣ್ಣ ಮಿಷಿನ್ನುಗಳನ್ನು ಮಾರುವ ಅಂಗಡಿಯಲ್ಲಿ ಕೂತು ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿದ. ಹೊಗೆ ಎಷ್ಟು ಬರುತ್ತದೆ? ಸಿಪ್ಪೆ ಹಾರಿ ಎಲ್ಲಿಗೆ ಬೀಳುತ್ತದೆ? ಬೀಜವೆಲ್ಲ ಒಂದೇ ಸಮ ಕೆಂಪಗಾಗುತ್ತದೆಯೇ? ಜೊತೆಗೆ ಬಂದಿದ್ದ ಹೆಂಡತಿ ನಕ್ಕಳು: "ನನ್ನ ನೋಡೋಕೆ ಬಂದಾಗ ಇದರಲ್ಲಿ ಅರ್ಧದಷ್ಟೂ ಕೇಳಿರಲಿಲ್ಲ ನೀವು."

"ಒಯ್ದು ಹುರಿದು ನೋಡಿ ಸಾವ್ಕಾರ್ರೆ, ಬೇಡಾದ್ರೆ ವಾಪಸು ತನ್ನಿ" ಎಂದ ಅಂಗಡಿಯವನು.

ಮೊದಲು ತಂದದ್ದು ಒಲೆಯ ಮೇಲಿಟ್ಟು ಕೈಯಲ್ಲಿ ತಿರುಗಿಸುವ ಕಬ್ಬಿಣದ ಡಬ್ಬಿ. ಸಾಹುಕಾರ ತಾನೇ ಕೂತು ತಿರುಗಿಸಿದ. ಬೀಜ ಚಟಪಟ ಸಿಡಿದವು, ಮನೆಯೆಲ್ಲ ಘಮಘಮ. ಬೆಚ್ಚಗಿರುವಾಗಲೇ ಪುಡಿ ಮಾಡಿ ಫಿಲ್ಟರಿಗೆ ಹಾಕಿಸಿದ. ಬಿಸಿನೀರು ಬಿದ್ದದ್ದೇ ಪುಡಿ ಬುಸಬುಸನೆ ನೊರೆಯೆದ್ದು ಉಬ್ಬಿತು. ಅಕ್ಕ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ತಾನೂ ಕುಡಿದು ನೋಡಿದ, ಏನೋ ಒಗರು, ನಾಲಗೆಗೆ ಚುರುಕು. "ಗುಜರಿಗೆ ಹಾಕೋ ಸಾಮಾನು ಕೊಟ್ಟಿದ್ದೀಯಲ್ಲಯ್ಯ" ಎಂದು ಅಂಗಡಿಯವನನ್ನು ನಾಲ್ಕು ಜನರ ಮುಂದೆ ಬೈದು ಡಬ್ಬಿ ವಾಪಸು ಕೊಟ್ಟ.

ಎರಡನೆಯದು ಬಿಸಿಗಾಳಿ ಊದುವ ಕರೆಂಟಿನ ಮಿಷಿನ್ನು. ಬೀಜ ಚೆಂದವಾಗಿ ಕುಣಿದವು, ಬಣ್ಣ ಒಂದೇ ಸಮ. ಅವತ್ತೇ ಪುಡಿ, ಅವತ್ತೇ ಕಾಫಿ. ಒಂದೇ ಗುಟುಕು, ಲೋಟ ಕೆಳಗೆ. ಅದೂ ವಾಪಸು. ಮೂರನೆಯದೂ ಕರೆಂಟಿನದೇ, ಗಾಜಿನ ಕಿಟಕಿಯಿದ್ದ ದುಬಾರಿ ಮಿಷಿನ್ನು. ಕಪ್ಪಾದಷ್ಟೂ ರುಚಿ ಹೆಚ್ಚೆಂದು ಹುರಿದ, ಹುರಿದ, ಕರಕಲು ಮಾಡಿದ. ಅಕ್ಕ ಈ ಸಲ ಲೋಟವನ್ನೇ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಕರೆಂಟಿಲ್ಲ. ಹೊಸದಾಗಿ ಹುರಿಯುವಂತಿಲ್ಲ. ಹೆಂಡತಿಗೆ ಏನನ್ನೂ ಚೆಲ್ಲಿ ಅಭ್ಯಾಸವಿರಲಿಲ್ಲ. ಗಂಡ ಬೇಡವೆಂದ ಬೀಜವನ್ನೆಲ್ಲ ಬೇರೆಬೇರೆ ಡಬ್ಬಿಗಳಲ್ಲಿ ಮುಚ್ಚಿಟ್ಟಿದ್ದಳು. ಮೊದಲ ದಿನ ಹುರಿದ ಬೀಜದ ಡಬ್ಬಿ ತೆಗೆದು, ಕೈಯಲ್ಲಿ ತಿರುವಿ ಪುಡಿ ಮಾಡಿ, ಕಾಫಿ ಬೆರೆಸಿ ಕೊಟ್ಟಳು.

ಅಕ್ಕ ಒಂದು ಗುಟುಕು ಕುಡಿದಳು. ಸಾಹುಕಾರ ಲೋಟವನ್ನೇ ನೋಡುತ್ತ ನಿಂತ. ಅದು ಕೆಳಗಿಳಿಯಲಿಲ್ಲ. ತಳ ಕಾಣುವವರೆಗೂ ಕುಡಿದು, "ಇನ್ನೊಂಚೂರು ಇದ್ಯಾ?" ಎಂದಳು.

"ಇದು ಆ ಗುಜರಿ ಡಬ್ಬೀದು" ಎಂದಳು ಹೆಂಡತಿ.

ಅವನಿಗೆ ನಂಬಿಕೆಯಾಗಲಿಲ್ಲ. ಎರಡನೆಯ ಡಬ್ಬಿಯದನ್ನೂ ಮಾಡಿಸಿ ಕುಡಿದ. ಅದೂ ಸೊಗಸಾಗಿತ್ತು. ಅದೇ ಬೀಜ, ಅದೇ ಹಾಲು. ಒಗರು ಎಲ್ಲಿ ಹೋಯಿತು?

"ಯಾವತ್ತು ಹುರಿದಿದ್ದೋ ಇದು?" ಅಕ್ಕ ಕೇಳಿದಳು. "ನಾಲ್ಕು ದಿನ ಆಯ್ತು. ಅವತ್ತೇ ಪುಡಿ ಮಾಡಿಸಿ ನಿಂಗೆ ಕೊಟ್ಟಿದ್ನಲ್ಲ" ಎಂದ. ಆಕೆಗೆ ನಗು ಬಂತು, ಜ್ವರ ಬಂದ ಮೇಲೆ ಮೊದಲ ಸಲ. "ಹುರಿದ ದಿನವೇ ಕುಡಿಸ್ತಿದ್ಯೇನೋ ನಂಗೆ? ಅಮ್ಮ ಹುರಿದ ಮೇಲೆ ಎರಡು ದಿನ ಡಬ್ಬಿ ಮುಟ್ಟೋಕೆ ಬಿಡ್ತಿರಲಿಲ್ಲ. ಊರಿಗೆಲ್ಲ ಹೊಸ ಅಕ್ಕಿ ಬೇಡ ಅಂತೀಯ, ಬೀಜಕ್ಕೆ ಎರಡು ದಿನ ಕೊಡೋಕಾಗಲಿಲ್ವಲ್ಲೋ ನಿಂಗೆ."

ನೋಡಿ, ಅಕ್ಕಿಯ ವಿಷಯದಲ್ಲಿ ಅವನಿಗೆ ಗೊತ್ತಿತ್ತು. ಬೇರೆ ಕಡೆ ಅದೇ ಬುದ್ಧಿ ಓಡಲಿಲ್ಲ. ನಮಗೆ ಓಡುತ್ತದೆಯೇ? ಹೊಸ ಸೊಸೆ ಬಂದ ವಾರವೇ ಅವಳ ಗುಣ ಇಷ್ಟೇ ಎಂದು ನೆಂಟರಿಗೆಲ್ಲ ಹೇಳಿ ಮುಗಿಸಿರುತ್ತೇವೆ. ಒಡಹುಟ್ಟಿದ ತಮ್ಮ ಸಿಟ್ಟಿನಲ್ಲಿ ಆಡಿದ ಮಾತನ್ನು ಬಿಸಿಬಿಸಿಯಾಗಿಯೇ ನಾಲಗೆಗೆ ಹಚ್ಚಿಕೊಂಡು, ಅವನೇ ಒಗರು ಅನ್ನುತ್ತೇವೆ. ಬೆಂಕಿಯಿಂದ ಈಗ ತಾನೆ ಇಳಿದದ್ದು ಅದು. ಮುಚ್ಚಿಡಬೇಕು, ಬಿಡಬೇಕು, ಆಮೇಲೆ ರುಚಿ ನೋಡಬೇಕು.

ಹಾಗಾದರೆ ಕಾದರೆ ಎಲ್ಲವೂ ಸರಿಹೋಗುತ್ತದೆಯೇ ಎಂದು ಕೇಳುತ್ತೀರಿ. ಇಲ್ಲ. ಮೂರನೆಯ ಡಬ್ಬಿ ಎಷ್ಟು ದಿನ ಇಟ್ಟರೂ ಕರಕಲೇ ಆಗಿತ್ತು. ಆದರೆ ಅದು ಮಿಷಿನ್ನಿನ ತಪ್ಪಲ್ಲ, ಹುರಿದವನದು. ಇದನ್ನು ತಿಳಿಯುವುದಕ್ಕೂ ಅವನು ಕಾಯಬೇಕಾಯಿತು.

ಸಾಹುಕಾರ ಆಮೇಲೆ ಏನು ಮಾಡಿದ? ಆಳನ್ನು ಕಳಿಸಲಿಲ್ಲ. ತಾನೇ ಪೇಟೆಗೆ ಹೋಗಿ, ಬೈದಿದ್ದ ಜಾಗದಲ್ಲೇ ನಿಂತು, "ತಪ್ಪು ನಂದು ಕಣಯ್ಯ, ಆ ಡಬ್ಬಿ ಕೊಡು" ಎಂದ. ಡಬ್ಬಿ ಇನ್ನೂ ಅಲ್ಲೇ ಇತ್ತು. ಅದು ಅವನ ಪುಣ್ಯ.

ನೀವು ಅವಸರದಲ್ಲಿ ವಾಪಸು ಕಳಿಸಿದವರು ಯಾರು? ಈಗ ಒಂದು ಮುಖ ನಿಮ್ಮ ಕಣ್ಮುಂದೆ ಬಂತಲ್ಲ, ಅವರೇ. ನಾಳೆ ಬೆಳಿಗ್ಗೆ ನೀವೇ ಹೋಗಿ, ಬೇರೆಯವರ ಕೈಲಿ ಹೇಳಿ ಕಳಿಸಬೇಡಿ. ಡಬ್ಬಿಯಾದರೆ ಅಂಗಡಿಯಲ್ಲಿ ಕಾದಿತ್ತು. ಮನುಷ್ಯರು ಹಾಗೆ ಕಾಯುತ್ತಾ ಕೂತಿರುವುದಿಲ್ಲ.